ಬಸ್ಸು ನಿಲ್ಲದ ದಿಲ್ಲಿ

ದರ್ಶನ ಅನ್ನುವ ಮಾತನ್ನು ನಮ್ಮ ಜನ ಬೇರೆ ಥರ ಕಲಿತವರು. ತೇರಿನ ದಿನ ದೇವರು ಊರಬೀದಿ ಸುತ್ತಿ ಕೇರಿಯ ಅಂಚಿಗೆ ಬಂದು ತಿರುಗಿಕೊಳ್ಳುತ್ತದಲ್ಲ, ಆ ತಿರುವಿನಲ್ಲಿ ದೂರ ನಿಂತು, ತಮಟೆ ಬಡಿದ ಕೈಯಲ್ಲೇ ಮುಗಿಯುವುದು ನಮಗೆ ದರ್ಶನ. ಗುಡಿಯ ಒಳಗೆ ಏನಿದೆ, ಕಂಬ ಎಷ್ಟಿವೆ, ದೀಪ ಎಲ್ಲಿ ಉರಿಯುತ್ತೆ ಅನ್ನೋದು ಅಜ್ಜ ಮುತ್ತಜ್ಜರಿಗೆ ಗೊತ್ತಿರಲಿಲ್ಲ. ಆ ಗುಡಿಯ ಕಲ್ಲನ್ನು ಬೆಟ್ಟದಿಂದ ಒಡೆದು ಎಳೆದು ತಂದ ತೋಳುಗಳಲ್ಲಿ ಅವರ ತೋಳೂ ಇತ್ತು. ಹೀಗಾಗಿ ‘ದಿಲ್ಲಿ ದರ್ಶನ’ ಅಂತ ಬೋರ್ಡು ಹಾಕಿಕೊಂಡ ಬಸ್ಸು ಕಂಡರೆ ನನಗೆ ಮೊದಲು ಹುಟ್ಟುವ ಪ್ರಶ್ನೆ ಇದು: ಇಲ್ಲಿ ಯಾರನ್ನು ಎಷ್ಟು ದೂರ ನಿಲ್ಲಿಸಿ ಏನನ್ನು ತೋರಿಸುತ್ತಾರೆ?

ಬಸ್ಸಿನ ಪಟ್ಟಿ ಎಲ್ಲರಿಗೂ ಗೊತ್ತು. ಕೆಂಪುಕೋಟೆ, ಜಾಮಾ ಮಸೀದಿ, ರಾಜಘಾಟ್, ಇಂಡಿಯಾ ಗೇಟ್, ರಾಷ್ಟ್ರಪತಿ ಭವನ, ಬಿರ್ಲಾ ಮಂದಿರ, ಕುತುಬ್ ಮಿನಾರ್, ಕಮಲದ ಮಂದಿರ, ಇತ್ತೀಚೆಗೆ ಅಕ್ಷರಧಾಮ. ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳು ಪುಣ್ಯವಿದ್ದರೆ ಒಮ್ಮೆ ಮಕ್ಕಳನ್ನು ಕರಕೊಂಡು ಹೋಗಿ ಇಷ್ಟನ್ನು ಎರಡು ದಿನದಲ್ಲಿ ಮುಗಿಸಿ ರೈಲು ಹತ್ತುತ್ತಾರೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ಕೆಂಪುಕೋಟೆ ಕಟ್ಟಿದವನು ಷಹಜಹಾನ್, 1639ರಿಂದ 1648. ಷಹಜಹಾನ್ ಒಂದು ಕಲ್ಲನ್ನಾದರೂ ಎತ್ತಿ ಇಟ್ಟನೇ ಅಂತ ಕೇಳುವ ಮಗು ಒಂದಾದರೂ ಇದ್ದೇ ಇರುತ್ತೆ. ಆ ಮಗುವಿನ ಬಾಯಿ ಮುಚ್ಚಿಸುವುದಕ್ಕೆ ನಮ್ಮಲ್ಲಿ ಪಠ್ಯಪುಸ್ತಕ ಇದೆ.

ಕುತುಬ್ ಮಿನಾರಿನ ವಿಷಯವನ್ನೇ ತಗೊಳ್ಳಿ. ಎಪ್ಪತ್ತೆರಡೂವರೆ ಮೀಟರು ಎತ್ತರ, ಕುತ್ಬುದ್ದೀನ್ ಐಬಕ್ ಶುರು ಮಾಡಿದ್ದು, ಇಲ್ತಮಶ್ ಮುಂದುವರಿಸಿದ್ದು. ಪಕ್ಕದ ಮಸೀದಿಯ ಪೂರ್ವದ ಬಾಗಿಲಲ್ಲಿ ಒಂದು ಶಾಸನ ಇದೆ, ಇಪ್ಪತ್ತೇಳು ದೇವಾಲಯಗಳ ಸಾಮಗ್ರಿ ಬಳಸಿ ಇದನ್ನು ಕಟ್ಟಿತು ಅಂತ. ಗೈಡುಗಳು ಇಲ್ಲಿ ದನಿ ಏರಿಸುತ್ತಾರೆ. ಅಲ್ಲಿಂದ ಮುಂದೆ ಜಗಳವೇ ಜಗಳ: ಯಾರ ಗುಡಿ, ಯಾರ ಮಸೀದಿ, ಯಾರು ಯಾರದ್ದನ್ನು ಒಡೆದರು. ಇದು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಶಾಸನ ಇರುವುದೇ ಹಾಗೆ. ಆದರೆ ಆ ಇಪ್ಪತ್ತೇಳು ಗುಡಿಗಳು ನೆಟ್ಟಗೆ ನಿಂತಿದ್ದಾಗ ಅವುಗಳ ಹೊಸ್ತಿಲು ದಾಟುವ ಹಕ್ಕು ಯಾರಿಗಿತ್ತು ಅನ್ನುವ ಪ್ರಶ್ನೆಯನ್ನು ಈ ಜಗಳದಲ್ಲಿ ಎರಡು ಕಡೆಯವರೂ ಎತ್ತುವುದಿಲ್ಲ. ಕಂಬಗಳ ಮೇಲಿನ ಗಂಟೆ, ಸರಪಳಿ, ಹೂಬಳ್ಳಿಗಳನ್ನು ಕೆತ್ತಿದ್ದು ಇಲ್ಲಿನ ಕಲ್ಲುಕುಟಿಗರು. ಮಸೀದಿಯ ಕಮಾನುಗಳನ್ನು ಕೆತ್ತಿದವರಲ್ಲೂ ಇಲ್ಲಿನ ಕಲ್ಲುಕುಟಿಗರ ಕೈಚಳಕ ಎದ್ದು ಕಾಣುತ್ತೆ. ಅವರಿಗೆ ರೂಢಿ ಇದ್ದದ್ದು ಕಲ್ಲಿನ ಮೇಲೆ ಕಲ್ಲು ಮುಂದೆ ಚಾಚಿ ಕೂಡಿಸುವುದು. ಹೀಗಾಗಿ ಮೊದಮೊದಲ ಕಮಾನುಗಳು ನೋಡುವುದಕ್ಕೆ ಕಮಾನು, ಒಳಗೆ ಗುಡಿಯ ಕಟ್ಟಡದ ಲೆಕ್ಕ. ದೊರೆ ಬದಲಾದ, ದೇವರು ಬದಲಾಯಿತು, ಉಳಿ ಸುತ್ತಿಗೆ ಹಿಡಿದ ಕೈ ಬದಲಾಗಲಿಲ್ಲ.

ಆ ಕೈಗಳ ಹೆಸರು ಪೂರ್ತಿ ಅಳಿಸಿಹೋಗಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಿನಾರಿಗೆ ಸಿಡಿಲು ಬಡಿಯಿತು. ಫಿರೋಜ್ ಷಾ ತುಘಲಕ್ ರಿಪೇರಿ ಮಾಡಿಸಿದ. ಆ ಕೆಲಸ ಮಾಡಿದವರು ಮೇಲಿನ ಅಂತಸ್ತಿನಲ್ಲಿ ನಾಗರಿ ಲಿಪಿಯಲ್ಲಿ ನಾಲ್ಕು ಸಾಲು ಕೆತ್ತಿ ಹೋಗಿದ್ದಾರೆ. ವಿಶ್ವಕರ್ಮನ ಕೃಪೆಯಿಂದ ಕೆಲಸ ಮುಗಿಯಿತು ಅಂತ ಹೇಳಿ, ನಾನಾ, ಸಾಲ್ಹಾ ಮುಂತಾದ ಹೆಸರುಗಳನ್ನು ಬರೆದಿದ್ದಾರೆ. ಸುಲ್ತಾನನ ಮಿನಾರಿನ ಮೈಮೇಲೆ ಕೂಲಿಕಾರರ ಹೆಸರು! ಆದರೆ ನೋಡಿ, ಮಣ್ಣು ಹೊತ್ತವರ, ಸುಣ್ಣ ಅರೆದವರ, ನೀರು ತುಂಬಿದ ಹೆಂಗಸರ ಹೆಸರು ಅಲ್ಲೂ ಇಲ್ಲ. ಕುಶಲಕರ್ಮಿಗೆ ಒಂದು ಮೂಲೆ ಸಿಕ್ಕಿತು. ಹೊರೆ ಹೊತ್ತವನಿಗೆ ಅದೂ ಸಿಗಲಿಲ್ಲ. ಶ್ರಮದ ಒಳಗೂ ಮೆಟ್ಟಿಲು ಇದ್ದವು, ಈಗಲೂ ಇವೆ.

ಅಲ್ಲೇ ಅಂಗಳದಲ್ಲಿ ಸಾವಿರದ ಆರುನೂರು ವರ್ಷದ ಕಬ್ಬಿಣದ ಕಂಬ ನಿಂತಿದೆ. ಆರು ಟನ್ನಿಗೂ ಮೀರಿದ ತೂಕ, ತುಕ್ಕು ತಿಂದಿಲ್ಲ. ಅದರ ಮೇಲಿನ ಶಾಸನ ಚಂದ್ರ ಎಂಬ ರಾಜನ ತೋಳಬಲ ಹಾಡುತ್ತೆ. ಕುಲುಮೆಯ ಮುಂದೆ ಬೆಂದ ಕಮ್ಮಾರನ ಬಗ್ಗೆ ಒಂದಕ್ಷರ ಇಲ್ಲ. ನಮ್ಮ ಪ್ರಾಚೀನ ವಿಜ್ಞಾನ ಎಷ್ಟು ದೊಡ್ಡದಿತ್ತು ಅಂತ ಇವತ್ತು ಈ ಕಂಬ ತೋರಿಸಿ ಭಾಷಣ ಬಿಗಿಯುವವರಿದ್ದಾರೆ. ದೊಡ್ಡದೇ ಇತ್ತು. ಅದು ಯಾರ ಕೈಯಲ್ಲಿತ್ತೋ ಅವರನ್ನು ಶೂದ್ರರೆಂದು ಕರೆದು ಅಕ್ಷರದಿಂದ ಆಚೆ ಇಟ್ಟಿರಿ ಅನ್ನೋ ಮಾತು ಆ ಭಾಷಣದಲ್ಲಿ ಬರೋದಿಲ್ಲ.

ಬಸ್ಸು ಸಾಮಾನ್ಯವಾಗಿ ನಿಲ್ಲದ ಜಾಗ ಫಿರೋಜ್ ಷಾ ಕೋಟ್ಲಾ. ಪಾಳುಬಿದ್ದ ಕಟ್ಟಡದ ನೆತ್ತಿಯ ಮೇಲೆ ಅಶೋಕನ ಕಂಬ ಒಂದಿದೆ. ಈಗಿನ ಹರಿಯಾಣದ ಟೋಪ್ರಾ ಎಂಬ ಹಳ್ಳಿಯಲ್ಲಿದ್ದದ್ದನ್ನು ಹದಿನಾಲ್ಕನೆಯ ಶತಮಾನದ ನಡುವೆ ಫಿರೋಜ್ ಷಾ ಕೀಳಿಸಿ ತಂದ. ಶಂಸ್-ಇ-ಸಿರಾಜ್ ಅಫೀಫ್ ಎಂಬ ಚರಿತ್ರೆಕಾರ ಈ ಸಾಗಾಟವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಂಬದ ಸುತ್ತ ಬೂರುಗದ ಹತ್ತಿಯ ಹಾಸಿಗೆ ಒಟ್ಟಿ, ಬುಡ ಅಗೆದು, ಮೆಲ್ಲಗೆ ಅದರ ಮೇಲೆ ಮಲಗಿಸಿದರು. ಜೊಂಡು, ಹಸಿ ಚರ್ಮ ಸುತ್ತಿದರು. ನಲವತ್ತೆರಡು ಗಾಲಿಯ ಗಾಡಿ ಮಾಡಿಸಿದರು. ಒಂದೊಂದು ಗಾಲಿಗೂ ಒಂದೊಂದು ಹಗ್ಗ, ಒಂದೊಂದು ಹಗ್ಗಕ್ಕೆ ಇನ್ನೂರು ಜನ. ಲೆಕ್ಕ ಹಾಕಿ: ಎಂಟು ಸಾವಿರದ ನಾನ್ನೂರು ಜನ ಒಂದು ಕಲ್ಲನ್ನು ಯಮುನೆಯ ದಡಕ್ಕೆ ಎಳೆದರು. ಅಲ್ಲಿಂದ ದೋಣಿ. ಆ ಹಸಿ ಚರ್ಮ ಸುಲಿದವರು ಯಾರು, ಹದ ಮಾಡಿದವರು ಯಾರು? ಅಫೀಫ್ ಬರೆದಿಲ್ಲ. ನಮಗೆ ಬರೆದು ಹೇಳಬೇಕಾಗಿಯೂ ಇಲ್ಲ.

ಇದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಸಂಗತಿಯನ್ನು ಅದೇ ಚರಿತ್ರೆಕಾರ ಹೇಳುತ್ತಾನೆ. ಕಂಬದ ಮೇಲಿನ ಬರಹ ಓದಿಸಲು ಸುಲ್ತಾನ ಬ್ರಾಹ್ಮಣ ಪಂಡಿತರನ್ನು ಕರೆಸಿದ. ಯಾರಿಗೂ ಓದಲು ಬರಲಿಲ್ಲ. ಬರುವುದಿಲ್ಲ ಅಂತ ಒಪ್ಪಿಕೊಂಡು ಸುಮ್ಮನಿರಬಹುದಿತ್ತು. ಆದರೆ ಕೆಲವರು, ಫಿರೋಜ್ ಎಂಬ ದೊರೆ ಬರುವ ತನಕ ಈ ಕಂಬವನ್ನು ಯಾರೂ ಅಲುಗಾಡಿಸಲಾರರು ಅಂತ ಇದರಲ್ಲಿ ಬರೆದಿದೆ ಎಂದು ಅರ್ಥ ಹೇಳಿದರಂತೆ! ಜನರ ನಡುವೆ ಅದು ಭೀಮನ ದನ ಕಾಯುವ ಕೋಲು ಅನ್ನೋ ಕತೆ ಇತ್ತು. ಬೌದ್ಧ ದೊರೆಯ ಮಾತು ನಡುಬಯಲಲ್ಲಿ ನಿಂತಿತ್ತು, ಅದನ್ನು ಓದುವ ಕಣ್ಣನ್ನೇ ಈ ದೇಶ ಕಳಕೊಂಡಿತ್ತು. ಕೊನೆಗೆ ಓದಿದ್ದು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷಿನವನು. ಓದಿದ ಮೇಲೆ ಗೊತ್ತಾಯಿತು ಅಲ್ಲೇನಿದೆ ಅಂತ: ದಾರಿಗಳಲ್ಲಿ ಆಲದ ಮರ ನೆಡಿಸಿದ್ದು, ಬಾವಿ ತೋಡಿಸಿದ್ದು, ಬಡವರ ಜತೆ, ಆಳುಕಾಳುಗಳ ಜತೆ ಸರಿಯಾಗಿ ನಡಕೊಳ್ಳಬೇಕು ಅನ್ನುವ ಮಾತು. ಸುಲ್ತಾನನ ಹೊಗಳಿಕೆ ಎಂದು ಓದಿ ಹೇಳಿದ್ದರಲ್ಲಿ ಇದ್ದದ್ದು ಆಳುಗಳ ಬಗೆಗಿನ ಕಾಳಜಿ. ಪುರೋಹಿತಶಾಹಿಯ ಪಾಂಡಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ರಾಯಸೀನಾ ದಿಬ್ಬದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ರಾಜಧಾನಿಯನ್ನು ಕಲ್ಕತ್ತೆಯಿಂದ ದಿಲ್ಲಿಗೆ ತರುವುದಾಗಿ ಸಾರಿದ. ರಾಯಸೀನಾ, ಮಾಲ್ಚಾ ಎಂಬ ಹಳ್ಳಿಗಳಿದ್ದವು. 1894ರ ಭೂಸ್ವಾಧೀನ ಕಾಯಿದೆ ಹಿಡಿದು ಎಬ್ಬಿಸಿದರು. 340 ಕೋಣೆಗಳ ವೈಸರಾಯ್ ಬಂಗಲೆ ಎದ್ದಿತು, ಅದಕ್ಕೆ ಎಪ್ಪತ್ತು ಕೋಟಿ ಇಟ್ಟಿಗೆ ಹಿಡಿಯಿತು ಅಂತ ಸರಕಾರದ್ದೇ ಲೆಕ್ಕ. ಸಾಮ್ರಾಜ್ಯ ಮುಳುಗುವುದಕ್ಕೆ ಹದಿನಾರು ವರ್ಷ ಮುಂಚೆ, 1931ರಲ್ಲಿ ಹೊಸದಿಲ್ಲಿಯ ಉದ್ಘಾಟನೆ ಆಯ್ತು. ಲಚ್ಯನ್ಸ್, ಬೇಕರ್ ಹೆಸರು ಪುಸ್ತಕದಲ್ಲಿದೆ. ಬಗಲಲ್ಲಿ ಕೂಸು ಕಟ್ಟಿಕೊಂಡು ರಾಜಸ್ಥಾನದಿಂದ ನಡೆದು ಬಂದು ಇಟ್ಟಿಗೆ ಹೊತ್ತ ಹೆಂಗಸರು ಪುಸ್ತಕದಲ್ಲಿಲ್ಲ. ಆ ಬಂಗಲೆಗೆ 1997ರಲ್ಲಿ ಕೆ.ಆರ್. ನಾರಾಯಣನ್ ಕಾಲಿಟ್ಟರು, ಕೇರಳದ ಗುಡಿಸಲಿನಿಂದ ಬಂದ ದಲಿತ. ಅದು ಸಣ್ಣ ಮಾತಲ್ಲ.

ಈಗ ಬಸ್ಸು ನಿಲ್ಲುವ ಒಂದು ಜಾಗಕ್ಕೆ ಬರೋಣ. ಮಂದಿರ ಮಾರ್ಗ. ಬ್ರಿಟಿಷರ ಕಾಲದಲ್ಲಿ ಇದಕ್ಕೆ ರೀಡಿಂಗ್ ರೋಡ್ ಅಂತ ಹೆಸರು. ಇಡೀ ದಿಲ್ಲಿಯಲ್ಲಿ ನಮ್ಮವರು ಒಂದೇ ಒಂದು ರಸ್ತೆ ನೋಡುವುದಿದ್ದರೆ ಇದನ್ನು ನೋಡಬೇಕು ಅಂತ ನನ್ನ ಅಭಿಪ್ರಾಯ, ಅದೂ ಕಾಲ್ನಡಿಗೆಯಲ್ಲಿ.

ಬಿರ್ಲಾ ಮಂದಿರ ಅಂತ ಎಲ್ಲರೂ ಕರೆಯುವ ಲಕ್ಷ್ಮೀನಾರಾಯಣ ದೇವಾಲಯ ಈ ರಸ್ತೆಯಲ್ಲಿದೆ. ದೇವರ ಹೆಸರು ಹಿಂದಾಗಿ ಸೇಠನ ಹೆಸರು ಮುಂದಾದ ಗುಡಿ! ಅಡಿಗಲ್ಲು ಬಿದ್ದದ್ದು 1933, ಬಾಗಿಲು ತೆರೆದದ್ದು 1939. ಈ ಇಸವಿಗಳ ಹಿಂದು ಮುಂದು ಏನಾಯ್ತು ಅನ್ನೋದನ್ನು ನೆನಪಿಗೆ ತಂದುಕೊಳ್ಳಿ. 1930ರಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ನಾಸಿಕದ ಕಾಳಾರಾಮ ಗುಡಿಯ ಮುಂದೆ ಸತ್ಯಾಗ್ರಹ ಶುರುವಾಯಿತು. ಬಾಗಿಲು ತೆರೆಯಲಿಲ್ಲ. 1932ರ ಸೆಪ್ಟೆಂಬರಿನಲ್ಲಿ ಯರವಡಾ ಜೈಲಿನ ಉಪವಾಸ, ಪೂನಾ ಒಪ್ಪಂದ, ಪ್ರತ್ಯೇಕ ಮತಕ್ಷೇತ್ರ ಕೈಬಿಟ್ಟಿದ್ದು. ಅದಾದ ಮೇಲೆ ದೇಶದಲ್ಲೆಲ್ಲ ಮಂದಿರ ಪ್ರವೇಶದ ಭರಾಟೆ. 1933ರ ಫೆಬ್ರವರಿಯಲ್ಲೇ ಅಂಬೇಡ್ಕರ್ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ನಮ್ಮ ಜನಕ್ಕೆ ಮುಖ್ಯವಾದದ್ದು ವಿದ್ಯೆ, ನೌಕರಿ, ಅಧಿಕಾರ. ಗುಡಿ ತೆರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. 1935ರ ಅಕ್ಟೋಬರಿನಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯುವುದಿಲ್ಲ ಅಂತ ಘೋಷಿಸಿದರು. ಬಿರ್ಲಾ ಮಂದಿರದ ಗೋಡೆ ಏಳುತ್ತಿದ್ದದ್ದು ಈ ಗಾಳಿಯಲ್ಲಿ. ಎಲ್ಲ ಜಾತಿಯವರಿಗೂ ಪ್ರವೇಶ ಕೊಡುವುದಾದರೆ ಮಾತ್ರ ಬರುತ್ತೇನೆ ಎಂಬ ಷರತ್ತು ಹಾಕಿ ಗಾಂಧೀಜಿ 1939ರಲ್ಲಿ ಬಂದು ಉದ್ಘಾಟಿಸಿದರು.

ಷರತ್ತು ಒಳ್ಳೆಯದೇ. ಕೊಂಕು ಮಾತಾಡುವುದು ನನಗೆ ಬೇಕಿಲ್ಲ. ಆ ಕಾಲಕ್ಕೆ ದೊಡ್ಡ ಗುಡಿಯೊಂದು ಹುಟ್ಟುವಾಗಲೇ ಬಾಗಿಲು ತೆರೆದುಕೊಂಡು ಹುಟ್ಟಿದ್ದು ಚರಿತ್ರೆಯ ಸಂಗತಿ. ಆದರೂ ಕೇಳಬೇಕಾದದ್ದು ಕೇಳಬೇಕು. ಕಾಳಾರಾಮನ ಗುಡಿ ತೆರೆಸುವುದು ಕಷ್ಟ, ಯಾಕಂದರೆ ಅಲ್ಲಿ ಯಾರದ್ದೋ ಯಜಮಾನಿಕೆ ಕಿತ್ತುಕೊಳ್ಳಬೇಕು. ಹೊಸ ಗುಡಿ ಕಟ್ಟಿ ಬಾಗಿಲು ತೆಗೆದಿಡುವುದಕ್ಕೆ ದುಡ್ಡಿದ್ದರೆ ಸಾಕು. ಹಳೆಯ ಬೀಗ ಹಾಗೇ ಉಳೀತು, ಪಕ್ಕದಲ್ಲಿ ಹೊಸ ಬಾಗಿಲು ಬಂತು. ಗುಡಿಯ ಪಕ್ಕದಲ್ಲೇ ಬುದ್ಧ ವಿಹಾರವನ್ನೂ ಅದೇ ಮನೆತನ ಕಟ್ಟಿಸಿಕೊಟ್ಟಿತು. ಬುದ್ಧನನ್ನೂ ಲಕ್ಷ್ಮೀನಾರಾಯಣನ ಕಾಂಪೌಂಡಿನ ಮಗ್ಗುಲಿಗೆ ಕೂರಿಸಿದ್ದಾಯ್ತು. ಹಿಂದೂ ಮಹಾಸಭಾ ಭವನವೂ ಇದೇ ರಸ್ತೆಯಲ್ಲಿದೆ. 1948ರ ಜನವರಿ 20ರ ಬೆಳಿಗ್ಗೆ ಗೋಡ್ಸೆಯ ತಂಡದವರು ತಮ್ಮ ಪಿಸ್ತೂಲು ಪರೀಕ್ಷೆ ಮಾಡಿಕೊಂಡದ್ದು ಆ ಭವನದ ಹಿಂದಿನ ಕಾಡಿನಲ್ಲಿ ಅಂತ ಕೊಲೆ ಮೊಕದ್ದಮೆಯಲ್ಲಿ ಬಂದಿದೆ. ಗೈಡುಗಳು ಇದನ್ನು ಹೇಳೋದಿಲ್ಲ.

ಬಿರ್ಲಾ ಮಂದಿರದಿಂದ ಪಂಚಕುಯ್ಯಾ ರಸ್ತೆಯ ಕಡೆ ನಡೆದರೆ ಇನ್ನೊಂದು ಗುಡಿ ಸಿಗುತ್ತೆ. ಅಮೃತಶಿಲೆ ಇಲ್ಲ, ಶಿಖರದ ಮೆರವಣಿಗೆ ಇಲ್ಲ. ಇದು ವಾಲ್ಮೀಕಿ ಮಂದಿರ. ಹಿಂದೆ ಭಂಗಿ ಕಾಲೊನಿ ಅನ್ನುತ್ತಿದ್ದರು. ಹೊಸದಿಲ್ಲಿಯ ಕಕ್ಕಸು ಬಳಿದು ಬೀದಿ ಗುಡಿಸುವ ಜನರನ್ನು ಇಲ್ಲಿ ಇಟ್ಟಿದ್ದರು. ಈ ಜನರ ಹಿರಿಯರು ಬಹುಮಟ್ಟಿಗೆ ಪಂಜಾಬಿನ ಕಡೆಯಿಂದ ಬಂದವರು, ಚೂಹ್ರಾ ಎಂಬ ಹೆಸರಿನವರು, ಲಾಲ್ ಬೇಗ್ ಎಂಬ ಸಂತನನ್ನು ನಂಬಿದ್ದವರು. ಅತ್ತ ಹಿಂದೂವೂ ಅಲ್ಲ ಇತ್ತ ಮುಸಲ್ಮಾನರೂ ಅಲ್ಲ ಅನ್ನುವಂಥ ತಮ್ಮದೇ ದೈವ ಅವರಿಗಿತ್ತು. ಹಿಂದೂ ತಲೆಗಳ ಲೆಕ್ಕ ಮುಖ್ಯವಾದ ಕಾಲ ಬಂತು ನೋಡಿ, ಆರ್ಯಸಮಾಜದವರೂ ಇತರರೂ ಬಂದು ನಿಮ್ಮ ಗುರು ರಾಮಾಯಣ ಬರೆದ ವಾಲ್ಮೀಕಿ ಅಂತ ಹೇಳಿದರು. ವಿಜಯ್ ಪ್ರಸಾದ್ ಎಂಬ ಚರಿತ್ರೆಕಾರರು ದಿಲ್ಲಿಯ ಈ ಜನರ ಚರಿತ್ರೆಯನ್ನೇ ಒಂದು ಪುಸ್ತಕ ಮಾಡಿದ್ದಾರೆ. ಈ ಜನಕ್ಕೆ ಹಿಂದೆ ತಾವು ಎತ್ತಿದ ಗೊಬ್ಬರವನ್ನು ಸುತ್ತಲ ರೈತರಿಗೆ ಮಾರುವ ಹಕ್ಕಿತ್ತಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮುನಿಸಿಪಾಲಿಟಿ ಅದಕ್ಕೂ ಕೈ ಹಾಕಿತು. ಪೊರಕೆ ಅವರಿಗೆ ಉಳೀತು, ಗೊಬ್ಬರದ ದುಡ್ಡು ಮುನಿಸಿಪಾಲಿಟಿಗೆ ಹೋಯ್ತು. ಆಧುನಿಕತೆ ಬಂದರೆ ಜಾತಿ ತಾನಾಗಿ ಹೋಗುತ್ತೆ ಅನ್ನುವ ಪ್ರೊಫೆಸರುಗಳು ಈ ಪುಸ್ತಕ ಓದಬೇಕು.

1946ರ ಏಪ್ರಿಲಿನಿಂದ 1947ರವರೆಗೆ ಗಾಂಧೀಜಿ ದಿಲ್ಲಿಯಲ್ಲಿದ್ದಾಗ ಉಳಿದದ್ದು ಈ ವಾಲ್ಮೀಕಿ ಮಂದಿರದ ಕೋಣೆಯಲ್ಲಿ. ಬ್ರಿಟಿಷ್ ಮಂತ್ರಿಗಳು ಸ್ವಾತಂತ್ರ್ಯದ ಮಾತುಕತೆಗೆ ಬಂದಾಗ ದೇಶದ ರಾಜಕೀಯವೆಲ್ಲ ಈ ಕೇರಿಗೆ ಬಂದು ಹೋಯಿತು. ಇಲ್ಲಿಯ ಮಕ್ಕಳಿಗೆ ಅವರು ಪಾಠ ಹೇಳಿಕೊಟ್ಟರು. ಆ ಕೋಣೆಯನ್ನು ಇವತ್ತಿಗೂ ಜೋಪಾನವಾಗಿ ಇಟ್ಟಿದ್ದಾರೆ. ಮಾರ್ಗರೆಟ್ ಬೂರ್ಕ್-ವೈಟ್ ಎಂಬ ಅಮೆರಿಕದ ಫೋಟೋಗ್ರಾಫರ್ ಹೆಂಗಸು ಆಗ ಇಲ್ಲಿಗೆ ಬಂದಿದ್ದಳು. ಗಾಂಧೀಜಿ ಬರುವ ಮುಂಚೆ ಕೇರಿಯ ಅರ್ಧ ಜನವನ್ನು ಆಚೆಗೆ ಸಾಗಿಸಿ, ಗುಡಿಸಲು ಕಿತ್ತು, ಹೊಸ ಚೊಕ್ಕ ಗುಡಿಸಲು ಹಾಕಿ, ಗುಡಿಗೆ ಸುಣ್ಣ ಬಳಿದು, ವಿದ್ಯುತ್ ದೀಪ ಫ್ಯಾನು ತಂದಿದ್ದರು ಅನ್ನೋದು ಆಗಿನ ವಿವರಗಳಿಂದ ತಿಳಿಯುತ್ತೆ. ವ್ಯವಸ್ಥೆ ಬಿರ್ಲಾ ಕಡೆಯವರದ್ದು. ಊರಿಗೆ ಮಂತ್ರಿ ಬರುವ ದಿನ ಕೇರಿಗೆ ಬ್ಲೀಚಿಂಗ್ ಪೌಡರ್ ಹಾಕುವುದನ್ನು ಕಂಡವರಿಗೆ ಇದು ಹೊಸದಲ್ಲ. ಗಾಂಧೀಜಿಯ ಮನಸ್ಸು ಶುದ್ಧವಾಗಿತ್ತು ಅನ್ನೋದನ್ನು ನಾನು ಒಪ್ಪುತ್ತೇನೆ. ಆದರೆ ಅವರು ಹತ್ತು ವರ್ಷ ಮೊದಲೇ ಆದರ್ಶ ಭಂಗಿ ಹೇಗಿರಬೇಕು ಅಂತ ‘ಹರಿಜನ’ ಪತ್ರಿಕೆಯಲ್ಲಿ ಬರೆದಿದ್ದರು. ಆ ಕೆಲಸವನ್ನು ಪವಿತ್ರ ಮಾಡುವುದು ಅವರ ದಾರಿ. ಆ ಕೆಲಸಕ್ಕೂ ಹುಟ್ಟಿಗೂ ಇರುವ ಗಂಟನ್ನು ಕಡಿಯುವುದು ಬಾಬಾಸಾಹೇಬರ ದಾರಿ. ಎರಡೂ ಒಂದೇ ಅಂತ ಈಗ ಹೇಳುವವರು ಎರಡನ್ನೂ ಓದಿಲ್ಲ.

1947ರ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಿಂದ ಮರಳಿದಾಗ ಗಾಂಧೀಜಿ ಮತ್ತೆ ಈ ಕೇರಿಗೇ ಬರಬೇಕೆಂದಿದ್ದರು. ಅಷ್ಟರಲ್ಲಿ ಕೇರಿ ನಿರಾಶ್ರಿತರಿಂದ ತುಂಬಿಹೋಗಿತ್ತು. ಅವರನ್ನು ಬಿರ್ಲಾ ಮನೆಗೆ ಕರೆದುಕೊಂಡು ಹೋದರು. 1948ರ ಜನವರಿ 30ರಂದು ಅಲ್ಲೇ ಕೊಂದರು.

ಹತ್ತು ವರ್ಷ ಮುಂದೆ ಬನ್ನಿ. 1957ರ ಜುಲೈ ಕೊನೆಯಲ್ಲಿ ದಿಲ್ಲಿಯ ಝಾಡುದಾರರು ಮುಷ್ಕರ ಹೂಡಿದರು. ಜುಲೈ 31ರಂದು ಪಂಚಕುಯ್ಯಾ ರಸ್ತೆಯ ವಾಲ್ಮೀಕಿ ಕಾಲೊನಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಭೂಪ್ ಸಿಂಗ್ ಎಂಬ ಯುವಕ ಸತ್ತ. ಆಗ ಆಳುತ್ತಿದ್ದದ್ದು ಗಾಂಧೀಜಿಯ ಶಿಷ್ಯರೇ. ಜುಲೈ 31ನ್ನು ಸಫಾಯಿ ಕಾರ್ಮಿಕರ ದಿನ ಅಂತ ಅವರ ಸಂಘಗಳು ಆಚರಿಸುತ್ತಾ ಬಂದಿವೆ. ನಮ್ಮ ಶಾಲೆಗಳ ದಿನಾಚರಣೆ ಪಟ್ಟಿಯಲ್ಲಿ ಅದು ಇಲ್ಲ. ಈ ಸಾಲು ಓದುತ್ತಿರುವ ಮೇಷ್ಟ್ರುಗಳು ಬೇಕಾದರೆ ಸೇರಿಸಿಕೊಳ್ಳಬಹುದು, ಸುತ್ತೋಲೆಗೆ ಕಾಯಬೇಕಿಲ್ಲ.

2014ರ ಅಕ್ಟೋಬರ್ 2ರಂದು ಪ್ರಧಾನಿ ನರೇಂದ್ರ ಮೋದಿ ಇದೇ ವಾಲ್ಮೀಕಿ ಬಸ್ತಿಯಲ್ಲಿ ಪೊರಕೆ ಹಿಡಿದು ಸ್ವಚ್ಛ ಭಾರತ ಶುರು ಮಾಡಿದರು. ಕ್ಯಾಮೆರಾಗಳು ಬಂದವು, ಹೋದವು. ದೇಶದ ಬೀದಿಗಳನ್ನು ತಲೆತಲಾಂತರ ಗುಡಿಸಿದ ಜನರ ಬೀದಿಗೇ ಬಂದು ಗುಡಿಸಿ ತೋರಿಸುವುದು! ಗುಡಿಸುವುದು ಹೇಗೆ ಅನ್ನೋದು ಅವರಿಗೆ ಗೊತ್ತಿಲ್ಲದ ವಿದ್ಯೆಯೇ? ಅದೇ ವರ್ಷದ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದೀಚೆಗೆ ಚರಂಡಿ ಗುಂಡಿಗಳಲ್ಲಿ ಸತ್ತವರ ಮನೆಯವರಿಗೆ ತಲಾ 10 ಲಕ್ಷ ಕೊಡಿ ಅಂತ ತೀರ್ಪು ಕೊಟ್ಟಿತ್ತು. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾಯಿದೆ, 2013ರಲ್ಲಿ ಇನ್ನೊಂದು. 2018ರ ಸೆಪ್ಟೆಂಬರಿನಲ್ಲಿ ಮೋತಿನಗರದ ಸಿರಿವಂತರ ವಸತಿ ಸಮುಚ್ಚಯವೊಂದರ ಕೊಳಚೆ ಗುಂಡಿಯಲ್ಲಿ ಐದು ಜನ ಸತ್ತರು. ಪಾರ್ಲಿಮೆಂಟಿನಿಂದ ಅದು ದೂರವೇನಲ್ಲ. 2023ರ ಅಕ್ಟೋಬರಿನಲ್ಲಿ ಕೋರ್ಟು ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ದರ ಏರಿತು, ಸಾವು ನಿಲ್ಲಲಿಲ್ಲ.

2014ರ ಆ ತೀರ್ಪನ್ನು ಹೊಡೆದಾಡಿ ತಂದದ್ದು ಸಫಾಯಿ ಕರ್ಮಚಾರಿ ಆಂದೋಲನ. ಅದರ ಮುಂದಾಳು ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿದವರು. ಅಪ್ಪ, ಅಣ್ಣ ಅಲ್ಲಿ ಮಲ ಹೊತ್ತವರು. ಇಂಗ್ಲೆಂಡಿಗೆ ಚಿನ್ನ ಕಳಿಸಿದ ಊರಿನಲ್ಲಿ ಒಣಕಕ್ಕಸು ಬಳಿಯುವ ಲೈನುಗಳಿದ್ದವು. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ಮಂತ್ರಿಯಾಗಿದ್ದಾಗಲೇ ತಲೆ ಮೇಲೆ ಮಲ ಹೊರುವುದು ನಿಲ್ಲಬೇಕು ಅಂತ ಆಜ್ಞೆ ಮಾಡಿದ್ದರು. ಆಜ್ಞೆ ಬೆಂಗಳೂರಿಂದ ಕೋಲಾರಕ್ಕೆ ಹೋಗುವುದಕ್ಕೆ ಎಷ್ಟು ವರ್ಷ ಹಿಡೀತು ಅನ್ನೋದಕ್ಕೆ ವಿಲ್ಸನ್ನರ ಬದುಕೇ ದಾಖಲೆ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಪತ್ರಿಕೆಗಳು ಕನ್ನಡದ ಹೆಮ್ಮೆಯ ಪುತ್ರ ಅಂತ ಬರೆದವು. ಪುತ್ರ ಸರಿ, ಅಪ್ಪನಿಗೆ ಕೈಗೆ ಬಕೆಟ್ಟು ಕೊಟ್ಟವರು ಯಾರು?

ಬಸ್ಸು ರಾಜಘಾಟಿನಲ್ಲಿ ನಿಲ್ಲುತ್ತೆ. ಯಮುನೆಯ ದಡದಲ್ಲಿ ನಾಯಕರ ಸಮಾಧಿಗಳ ಸಾಲೇ ಇದೆ. ಅಲ್ಲಿಂದ ಉತ್ತರಕ್ಕೆ ಹೋದರೆ ಅಲೀಪುರ ರಸ್ತೆ, 26ನೇ ನಂಬರು. 1942ರಲ್ಲಿ ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿ ದಿಲ್ಲಿಗೆ ಬಂದ ಬಾಬಾಸಾಹೇಬರು ಮೊದಲು ಇದ್ದದ್ದು ಪೃಥ್ವಿರಾಜ್ ರಸ್ತೆಯ ಸರಕಾರಿ ಬಂಗಲೆಯಲ್ಲಿ. ಹಿಂದೂ ಕೋಡ್ ಬಿಲ್ಲನ್ನು ನೆಹರೂ ಸರಕಾರ ಕೈಬಿಟ್ಟಿತು ಅಂತ 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಪದವಿ ಹೋದ ಮೇಲೆ ಸರಕಾರಿ ಬಂಗಲೆ ಬಿಡಬೇಕು. ಸಂವಿಧಾನ ಬರೆದವರಿಗೆ ರಾಜಧಾನಿಯಲ್ಲಿ ಸ್ವಂತ ಮನೆ ಇರಲಿಲ್ಲ, ಸಿರೋಹಿ ಮಹಾರಾಜರಿಗೆ ಸೇರಿದ ಈ ಮನೆಯಲ್ಲಿ ಇದ್ದರು. ಕಣ್ಣು ಮಂಜು, ಕಾಲು ನೋವು, ಸಕ್ಕರೆ ಕಾಯಿಲೆ. ‘ಬುದ್ಧ ಮತ್ತು ಅವನ ಧಮ್ಮ’ ಇಲ್ಲಿ ಮುಗಿಯಿತು. 1956ರ ಡಿಸೆಂಬರ್ 5ರ ರಾತ್ರಿ ಆ ಪುಸ್ತಕದ ಮುನ್ನುಡಿಯ ಹಾಳೆಗಳನ್ನು ತರಿಸಿ ಹತ್ತಿರ ಇಟ್ಟುಕೊಂಡು ಮಲಗಿದವರು 6ರ ಬೆಳಿಗ್ಗೆ ಏಳಲಿಲ್ಲ. ದೇಹ ಆ ರಾತ್ರಿ ವಿಮಾನದಲ್ಲಿ ಮುಂಬಯಿಗೆ ಹೋಯ್ತು. ಬೆಂಕಿ ಕೊಟ್ಟದ್ದು ಅಲ್ಲಿ, ದಾದರಿನಲ್ಲಿ, ಲಕ್ಷಾಂತರ ಜನರ ನಡುವೆ.

ಆ ಮನೆ ಏನಾಯ್ತು? ಖಾಸಗಿ ಕೈಗೆ ಹೋಯಿತು. ಪ್ರತಿ ಡಿಸೆಂಬರಿನಲ್ಲಿ ನಮ್ಮ ಜನ ಗೇಟಿನ ಹೊರಗೆ ನಿಂತು ಮೇಣದ ಬತ್ತಿ ಹಚ್ಚಿದರು. ಮತ್ತೆ ಅದೇ ದೂರದ ದರ್ಶನ! ವರ್ಷಗಟ್ಟಲೆ ಚಳವಳಿ ಆದ ಮೇಲೆ ಸರಕಾರ ಜಾಗ ತಗೊಂಡು 2003ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಸಾರಿತು, ಅವರು ತೀರಿಕೊಂಡು ನಲವತ್ತೇಳು ವರ್ಷಕ್ಕೆ. ತೆರೆದ ಪುಸ್ತಕದ ಆಕಾರದ ಹೊಸ ಕಟ್ಟಡ 2018ರ ಏಪ್ರಿಲ್ 13ರಂದು ಉದ್ಘಾಟನೆಯಾಯಿತು. ಹಳೆಯ ಬಂಗಲೆ ಇಲ್ಲ. ಗಾಂಧೀಜಿ ಬಿದ್ದ ಜಾಗಕ್ಕೆ ಹೆಜ್ಜೆ ಗುರುತು ಹಾಕಿ ಕಾಪಾಡಿದ ಊರು ಬಾಬಾಸಾಹೇಬರು ಮಲಗಿದ್ದ ಕೋಣೆಯನ್ನು ಉಳಿಸಿಕೊಳ್ಳಲಿಲ್ಲ.

ಪಾರ್ಲಿಮೆಂಟಿನ ಅಂಗಳದಲ್ಲಿ 1967ರ ಏಪ್ರಿಲ್ 2ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅಂಬೇಡ್ಕರರ ಕಂಚಿನ ಪ್ರತಿಮೆ ಅನಾವರಣ ಮಾಡಿದ್ದರು. ಬಿ.ವಿ. ವಾಘ್ ಎಂಬ ಶಿಲ್ಪಿಯ ಕೆಲಸ. ತೋರುಬೆರಳು ಮುಂದಕ್ಕೆ, ಎಡಗೈಯಲ್ಲಿ ಸಂವಿಧಾನ. ಇವತ್ತು ನಮ್ಮ ಕೇರಿ ಕೇರಿಯಲ್ಲಿ ನಿಂತಿರುವ, ಕೆಲವು ಊರುಗಳಲ್ಲಿ ಕಬ್ಬಿಣದ ಪಂಜರದೊಳಗೆ ನಿಂತಿರುವ ಅಂಬೇಡ್ಕರರ ನಿಲುವು ಇದೇ. ಸೆಂಟ್ರಲ್ ಹಾಲಿನ ಗೋಡೆಗೆ ಅವರ ಚಿತ್ರ ಏರಲು 1990 ಬರಬೇಕಾಯಿತು, ಭಾರತರತ್ನಕ್ಕೂ ಅದೇ ವರ್ಷ. ಹೊಸ ಪಾರ್ಲಿಮೆಂಟು 2023ರ ಮೇ 28ರಂದು ತೆರೆಯಿತು. 2024ರ ಜೂನಿನಲ್ಲಿ ಗಾಂಧಿ, ಅಂಬೇಡ್ಕರ್, ಶಿವಾಜಿ ಪ್ರತಿಮೆಗಳನ್ನೆಲ್ಲ ಮೊದಲಿನ ಜಾಗದಿಂದ ಎತ್ತಿ ಒಂದೇ ಕಡೆ ಕೂಡಿಸಿ ಪ್ರೇರಣಾ ಸ್ಥಳ ಅಂತ ಹೆಸರಿಟ್ಟರು. ನೋಡುವವರಿಗೆ ಅನುಕೂಲ ಅಂತ ಸಮಜಾಯಿಷಿ. ಮೆಂಬರುಗಳು ಧರಣಿ ಕೂರುತ್ತಿದ್ದ ಜಾಗ ಖಾಲಿಯಾಯಿತು ಅನ್ನೋದು ವಿರೋಧ ಪಕ್ಷದವರ ಆರೋಪ. ಪ್ರತಿಮೆ ಯಾವ ಮೂಲೆಗೆ ಹೋಗುತ್ತೆ ಅನ್ನೋದು ಸಣ್ಣ ವಿಷಯ ಅಂತ ನಗರದ ಬುದ್ಧಿಜೀವಿಗಳು ಅನ್ನಬಹುದು. ಊರ ಸರ್ಕಲ್ಲಿನಲ್ಲಿ ನಿಲ್ಲಿಸಬೇಕೋ ಕೇರಿ ಒಳಗೋ ಎಂಬ ಪ್ರಶ್ನೆಗೆ ತಲೆ ಒಡೆಸಿಕೊಂಡ ಹುಡುಗರನ್ನು ಕೇಳಿ.

ಇನ್ನು ದಕ್ಷಿಣದ ತುದಿಗೆ, ತುಘಲಕಾಬಾದಿಗೆ. ಘಿಯಾಸುದ್ದೀನ್ ತುಘಲಕ್ 1320ರ ದಶಕದಲ್ಲಿ ಕಟ್ಟಿಸಿದ ದೈತ್ಯ ಕೋಟೆ. ಇದನ್ನು ಕಟ್ಟುವಾಗ ದಿಲ್ಲಿಯ ಕೂಲಿಗಳನ್ನೆಲ್ಲ ಸುಲ್ತಾನ ಎಳೆದುಕೊಂಡನಂತೆ. ಅದೇ ಹೊತ್ತಿಗೆ ಸೂಫಿ ನಿಜಾಮುದ್ದೀನ್ ಔಲಿಯಾ ಒಂದು ಮೆಟ್ಟಿಲುಬಾವಿ ತೋಡಿಸುತ್ತಿದ್ದರು. ಕೂಲಿಗಳು ಹಗಲು ಕೋಟೆಗೆ ದುಡಿದು ರಾತ್ರಿ ದೀಪ ಹಚ್ಚಿಕೊಂಡು ಸಂತನ ಬಾವಿಗೆ ದುಡಿದರು ಅನ್ನೋದು ಜನರ ಬಾಯಿಯ ಕತೆ. ಚರಿತ್ರೆ ಎಷ್ಟೋ, ಕಟ್ಟುಕತೆ ಎಷ್ಟೋ. ಕೋಟೆ ಹಾಳು ಬಿದ್ದಿದೆ, ದರ್ಗಾದ ಬಾವಿಯಲ್ಲಿ ನೀರಿದೆ.

ಆ ಕೋಟೆಯ ಸೀಮೆಯ ಕಾಡಂಚಿನಲ್ಲಿ ಗುರು ರವಿದಾಸರ ಗುಡಿ ಇತ್ತು. ಸಿಕಂದರ್ ಲೋದಿಯ ಕಾಲದಲ್ಲಿ ರವಿದಾಸರು ಇಲ್ಲಿಗೆ ಬಂದು ತಂಗಿದ್ದರು, ಆ ಜಾಗ ಅವರಿಗೇ ಬಂತು ಅನ್ನೋದು ಭಕ್ತರ ನಂಬಿಕೆ. ಚಪ್ಪಲಿ ಹೊಲೆಯುತ್ತ ಹಾಡಿದ ಕಾಶಿಯ ಚಮ್ಮಾರ. ದುಃಖ ಇಲ್ಲದ, ಕಂದಾಯ ಇಲ್ಲದ, ಯಾರು ಎಲ್ಲಿ ಬೇಕಾದರೂ ತಿರುಗಾಡಬಹುದಾದ ಊರೊಂದನ್ನು ಕಲ್ಪಿಸಿ ಬೇಗಂಪುರ ಅಂತ ಹೆಸರಿಟ್ಟವರು. ಅಂಬೇಡ್ಕರರು 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕವನ್ನು ನಂದನಾರ್, ರವಿದಾಸ್, ಚೋಖಾಮೇಳ ಈ ಮೂವರಿಗೆ ಅರ್ಪಿಸಿದ್ದಾರೆ. 2019ರ ಆಗಸ್ಟ್ 10ರಂದು, ಸುಪ್ರೀಂ ಕೋರ್ಟಿನ ಆದೇಶದ ಮೇಲೆ, ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಆ ಗುಡಿಯನ್ನು ಕೆಡವಿತು. ಅರಣ್ಯದ ಜಾಗ, ಒತ್ತುವರಿ ಅನ್ನೋದು ಕಾರಣ. ಕಾನೂನಿನ ಮಾತು ಕಾನೂನಿನ ಜಾಗದಲ್ಲಿ ಇರಲಿ. ಈ ಊರಿನ ಹೊಳೆಯ ದಡ, ಕಾಡು, ಫುಟ್‌ಪಾತುಗಳಲ್ಲಿ ಎಷ್ಟು ದೇವರು ಎಷ್ಟು ದೊಡ್ಡದಾಗಿ ಬೆಳೆದು ನಿಂತಿದ್ದಾವೆ ಅಂತ ಬಸ್ಸಿನ ಕಿಟಕಿಯಿಂದಲೇ ಎಣಿಸಬಹುದು. 2004ರಲ್ಲಿ ಯಮುನೆಯ ದಡ ಉಳಿಸಬೇಕು ಅಂತ ಪುಷ್ತಾದ ಸಾವಿರಾರು ಗುಡಿಸಲು ಕಿತ್ತರು. 2005ರಲ್ಲಿ ಅದೇ ಹೊಳೆಯ ಆಚೆ ದಡದಲ್ಲಿ ಅಕ್ಷರಧಾಮ ತೆರೆಯಿತು.

ಆಗಸ್ಟ್ 21ರಂದು ಪಂಜಾಬ್, ಹರಿಯಾಣ, ಉತ್ತರಪ್ರದೇಶಗಳಿಂದ ಸಾವಿರಾರು ಜನ ನೀಲಿ ಬಾವುಟ ಹಿಡಿದು ರಾಮಲೀಲಾ ಮೈದಾನಕ್ಕೆ ಬಂದರು. ತುಘಲಕಾಬಾದಿನವರೆಗೆ ನಡೆದರು. ಲಾಠಿ, ಅಶ್ರುವಾಯು ಆಯ್ತು. ಚಂದ್ರಶೇಖರ ಆಜಾದ್ ಸೇರಿ ತೊಂಬತ್ತಾರು ಜನ ಜೈಲಿಗೆ ಹೋದರು. ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅಲ್ಲೇ 400 ಚದರ ಮೀಟರು ಜಾಗ ಕೊಡುತ್ತೇವೆ ಅಂತ ಕೋರ್ಟಿಗೆ ಒಪ್ಪಿಕೊಂಡಿತು. ಬೀದಿಗೆ ಇಳಿಯದೇ ಇದ್ದಿದ್ದರೆ ಅದೂ ಸಿಗುತ್ತಿರಲಿಲ್ಲ ಅನ್ನೋದು ಖಂಡಿತ. ಗುಡಿಗಾಗಿ ಬೀದಿಗಿಳಿದದ್ದು ಸರಿಯೇ, ಅದೇ ಸಿಟ್ಟು ಚರಂಡಿ ಸಾವುಗಳಿಗೆ ಯಾಕೆ ಬರಲಿಲ್ಲ ಅಂತ ನಮ್ಮಲ್ಲೇ ಕೇಳಿದವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ನಮ್ಮ ಸಂಘಟನೆಗಳದ್ದು.

ಕೊನೆಯ ಜಾಗ ಕಾಲ್ಕಾಜಿ ಹತ್ತಿರ. ಕಮಲದ ಮಂದಿರಕ್ಕೆ ಬಸ್ಸು ಹೋಗುತ್ತೆ. 1986ರಲ್ಲಿ ಬಹಾಯಿಗಳು ಕಟ್ಟಿದ್ದು, ಚೆನ್ನಾಗಿದೆ, ಯಾರು ಬೇಕಾದರೂ ಒಳಗೆ ಹೋಗಬಹುದು, ವಿಗ್ರಹ ಇಲ್ಲ, ಪೂಜಾರಿ ಇಲ್ಲ. ಅಲ್ಲೇ ಸುತ್ತಮುತ್ತ ಕಾಲ್ಕಾಜಿ ದೇವಿಯ ಗುಡಿ, ಇಸ್ಕಾನ್ ಗುಡಿ, ಜಾತ್ರೆಯಂಥ ಜನ. ಇವುಗಳ ಮಗ್ಗುಲಲ್ಲಿ ಬಹಾಪುರ ಅನ್ನೋ ಕಡೆ ಒಂದು ಬಂಡೆ ಇದೆ. 1966ರಲ್ಲಿ ಆ ಬಂಡೆಯ ಮೇಲೆ ಅಶೋಕನ ಶಾಸನ ಕಂಡಿತು. ಕೋಟ್ಲಾದ ಕಂಬದ ಹಾಗೆ ಬೇರೆಡೆಯಿಂದ ತಂದದ್ದಲ್ಲ, ಅಲ್ಲೇ ಬರೆಸಿದ್ದು. ದಿಲ್ಲಿಯ ಕೋಟೆಗಳಿಗಿಂತ, ಗುಡಿಗಳಿಗಿಂತ, ಮಸೀದಿಗಳಿಗಿಂತ ಹಳೆಯ ಅಕ್ಷರ ಅದು.

ಆ ಶಾಸನ ನಮಗೆ ಪರಕೀಯವಲ್ಲ. ಅದೇ ಮಾತು ಅಲ್ಪಸ್ವಲ್ಪ ವ್ಯತ್ಯಾಸದೊಂದಿಗೆ ನಮ್ಮ ರಾಯಚೂರಿನ ಮಸ್ಕಿಯಲ್ಲಿದೆ, ಚಿತ್ರದುರ್ಗದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿದೆ. ಬ್ರಹ್ಮಗಿರಿಯದನ್ನು 1892ರಲ್ಲಿ ಬಿ.ಎಲ್. ರೈಸ್ ಹುಡುಕಿದರು. ಅಲ್ಲಿ ಬರೆದವನು ಚಪಡ ಅನ್ನೋ ಲಿಪಿಕಾರ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಮಸ್ಕಿಯ ಶಾಸನ ಸಿಕ್ಕಿದ್ದು 1915ರಲ್ಲಿ. ದೇವಾನಾಂಪ್ರಿಯ ಅಂತ ಕರಕೊಂಡ ದೊರೆ ಬೇರೆ ಯಾರೂ ಅಲ್ಲ, ಅಶೋಕನೇ ಅಂತ ಜಗತ್ತಿಗೆ ಖಾತ್ರಿಯಾದದ್ದು ಮಸ್ಕಿಯ ಬಂಡೆಯಿಂದ. ಪಾರ್ಲಿಮೆಂಟಿನ ನೆತ್ತಿಯ ಮೇಲೆ ಕೂತ ಸಿಂಹಗಳ ಒಡೆಯನ ಹೆಸರನ್ನು ಹೇಳಿಕೊಟ್ಟದ್ದು ನಮ್ಮ ಬಿಸಿಲುಸೀಮೆಯ ಒಂದು ಕಲ್ಲು.

ಏನು ಹೇಳುತ್ತೆ ಆ ಶಾಸನ? ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲು ಹೆಚ್ಚು ಶ್ರಮಪಡಲಿಲ್ಲ, ಸಂಘಕ್ಕೆ ಹೋದ ಮೇಲೆ ಶ್ರಮಪಟ್ಟೆ ಅನ್ನುತ್ತಾನೆ ದೊರೆ. ಆಮೇಲೆ ಬರುವ ಮಾತು ಇದು: ಇದರ ಫಲ ದೊಡ್ಡವರಿಗೆ ಮಾತ್ರ ಸಿಗುತ್ತೆ ಅಂತ ತಿಳಿಯಬೇಡಿ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತೆ. ಸಣ್ಣವರು ಅನ್ನೋದಕ್ಕೆ ಅಲ್ಲಿರುವ ಮಾತು ಖುದ್ದಕ. ವೇದದ ಅಕ್ಷರ ಕಿವಿಗೆ ಬೀಳಬಾರದು ಅಂತ ಧರ್ಮಸೂತ್ರ ಬರೆದ ದೇಶದಲ್ಲಿ, ಬಯಲಲ್ಲಿ, ಆಡುಮಾತಿನಲ್ಲಿ, ಯಾರು ಬೇಕಾದರೂ ಓದಲಿ ಅಂತ ಬಂಡೆಗೆ ಬರೆಸಿದ ಮಾತು.

ಬಹಾಪುರದ ಬಂಡೆಗೆ ಮಾಡು ಹಾಕಿ ಬೇಲಿ ಹಾಕಿದ್ದಾರೆ. ಅಕ್ಷರ ಸವೆದಿವೆ, ಬಿಸಿಲು ಓರೆಯಾದಾಗ ಚೂರು ಕಾಣುತ್ತವೆ. ಕಮಲದ ಮಂದಿರ ನೋಡಿ ಮುಗಿಸಿದ ಮೇಲೆ ಇಸ್ಕಾನ್ ಗುಡಿಯ ದಿಕ್ಕು ಕೇಳಿಕೊಂಡು ಹೋಗಬೇಕು, ಅಶೋಕನ ಕಲ್ಲು ಅಂದರೆ ಆಟೋದವರಿಗೆ ತಿಳಿಯೋದಿಲ್ಲ. ಪ್ರವಾಸ ಕರೆದುಕೊಂಡು ಹೋಗುವ ಮೇಷ್ಟ್ರು ಮಸ್ಕಿ ಶಾಸನದ ಪಾಠವನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರೆ ಸಾಕು, ಮಕ್ಕಳು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಹುಡುಕಬಹುದು. ಅರ್ಧ ಗಂಟೆಯ ಕೆಲಸ. ಅಕ್ಷರಧಾಮದ ಕ್ಯೂಗಿಂತ ಕಡಿಮೆ.